ಬೆಳಗಾವಿಯಲ್ಲಿ ನಾಟಕ, ಸಂಗೀತ ಎಲ್ಲಿ ಯಾವಾಗ ಅಂತ ಮೊದಲೇ ಗೊತ್ತಾಗೋದು ಹೇಗೆ? ಅನುಭವ ಇದ್ದವರು ಹೇಳಿ

ನಾವು ಶಿವಮೊಗ್ಗ ಕಡೆಯವರು, ಟ್ರಾನ್ಸ್‌ಫರ್ ಆಗಿ ಬೆಳಗಾವಿಗೆ ಬಂದು ಎಂಟು ತಿಂಗಳಾಯ್ತು, ಹಿಂದವಾಡಿಯಲ್ಲಿ ಬಾಡಿಗೆ ಮನೆ. ನಮ್ಮ ಅತ್ತೆಗೆ ಸಂಗೀತ ಅಂದ್ರೆ ಪ್ರಾಣ, ನನಗೆ ನಾಟಕ. ಆದ್ರೆ ಇಲ್ಲಿ ಏನೇ ಕಾರ್ಯಕ್ರಮ ಆದ್ರೂ ಮಾರನೇ ದಿನ ಪೇಪರ್‌ನಲ್ಲಿ ದೀಪ ಹಚ್ಚೋ ಫೋಟೋ ನೋಡಿದಾಗಲೇ ನಮಗೆ ಗೊತ್ತಾಗೋದು. ಹೋದ ತಿಂಗಳು ಯಾರೋ ಕಳಿಸಿದ ಮೆಸೇಜ್ ನಂಬಿ ಒಂದು ಗಾಯನಕ್ಕೆ ಅತ್ತೆನ ಆಟೋದಲ್ಲಿ ಕರ್ಕೊಂಡು ಹೋದೆ, ಹಾಲ್‌ಗೆ ಬೀಗ, ಮುಂದಕ್ಕೆ ಹಾಕಿದಾರೆ ಅಂತ ವಾಚ್‌ಮನ್ ಹೇಳಿದ್ರು. ಅತ್ತೆ ಏನೂ ಅನ್ನಲಿಲ್ಲ, ವಾಪಸ್ ಬರುವಾಗ ದಾರಿ ಪೂರ್ತಿ ಸುಮ್ಮನೆ ಕೂತಿದ್ರು. ನನಗೆ ಅದೇ ತುಂಬಾ ಬೇಜಾರಾಗಿದ್ದು. ನೀವೆಲ್ಲ ಮೊದಲೇ ಹೇಗೆ ತಿಳ್ಕೋತೀರಾ? ಅತ್ತೆಗೆ ಮಂಡಿ ನೋವು, ಮೆಟ್ಟಿಲು ಜಾಸ್ತಿ ಹತ್ತೋಕೆ ಆಗಲ್ಲ, ಅದನ್ನೂ ನೋಡ್ಕೊಂಡು ಹೇಳಿ.

ಟಿಳಕವಾಡಿಯಿಂದ:

ಅಕ್ಕಾರ, ನಿಮ್ಮ ಅತ್ತಿಯವ್ರು ಆಟೋದಾಗ ಸುಮ್ಮ ಕುಂತ ಬಂದ್ರು ಅಂದ್ರೆಲಾ, ಅದನ್ನ ಓದಿ ಕರುಳ ಚುರ್ ಅಂತು, ನಮ್ಮವ್ವನ್ನ ನಾನೂ ಹಿಂಗ ಕರಕೊಂಡ ತಿರಗ್ಯಾಡೇನಿ. ಮೂವತ್ತ ವರ್ಷ ಆತು ಈ ಊರಾಗ ಗಾಯನ ಕೇಳಾಕ ಹೋಗಾಕತ್ತು, ನನ್ನ ಅನುಭವದಾಗ ಮುಂದಿನ ಕಾರ್ಯಕ್ರಮದ ಸುದ್ದಿ ಸಿಗೋದು ಈಗಿನ ಕಾರ್ಯಕ್ರಮದ ಕಡೀಗೆ. ವಂದನಾರ್ಪಣೆ ಮಾಡಾವ್ರು ಮೈಕ್ ಹಿಡದು, ಬರೋ ತಿಂಗಳ ಇಂಥಾ ದಿನ ಇಂಥಾವ್ರ ಸಿತಾರ ಐತಿ ಬರ್ರಿ ಅಂತ ಒಂದ ಸಾಲ ಹೇಳತಾರ, ಅಷ್ಟೊತ್ತಿಗೆ ಅರ್ಧಾ ಮಂದಿ ಎದ್ದು ಚಪ್ಪಲಿ ಹುಡಕಾಕ ಹತ್ತಿರತಾರ. ನೀವು ಏಳಬ್ಯಾಡ್ರಿ. ಬಾಗಲ ಹಂತೇಕ ಟೇಬಲ್ ಮ್ಯಾಲ ನೋಟಬುಕ್ ಇಟ್ಟಿರತಾರ, ಅದರಾಗ ಹೆಸರು, ನಂಬರ್ ಬರದ ಬರ್ರಿ, ಒಂದ ಸಲ ವಾಟ್ಸ್ಯಾಪ್ ಗ್ರೂಪಿನಾಗ ನಂಬರ್ ಸೇರ್ತಂದ್ರ ಒಂದರಿಂದ ಒಂದು ಗೊತ್ತಾಕ್ಕೋತ ಹೋಗತಾವ, ಯಾಕಂದ್ರ ಕೇಳಾವ್ರು ಎಲ್ಲಾ ಕಡೆ ಅವ್ರ ಇರತಾರ.

ಇನ್ನ ಯಾರೂ ಹೇಳದಿದ್ರೂ ಪಂಚಾಂಗ ನೋಡಿ ತಿಳಕೊಳ್ಳೋವು ಕೆಲವ ಅದಾವ. ಗುರುಪೂರ್ಣಿಮಾ ಬಂತಂದ್ರ ಸಂಗೀತ ಶಾಲೆಗೋಳಾಗ ಶಿಷ್ಯರು, ಗುರುಗಳು ಕೂಡಿ ದಿನಾ ಪೂರ್ತಿ ಹಾಡತಾರ, ಟಿಕೆಟ್ ಇಲ್ಲ ಏನಿಲ್ಲ, ಹೋಗಿ ಕುಂದ್ರೋದು. ಏಪ್ರಿಲ್ ಮೊದಲ ವಾರ ಕಿವಿ ತಗದ ಇಟ್ಟಿರ್ರಿ, ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ್ದು 1924ರ ಏಪ್ರಿಲ್ 8ಕ್ಕ, ಅದೂ ಇಲ್ಲೇ ನಮ್ಮ ಸುಳೇಭಾವಿಯೊಳಗ. ಹಾರ್ಮೋನಿಯಂ ಪ್ರೀತಿ ಇದ್ರಂತೂ ನೀವು ಬರೋಬ್ಬರಿ ಊರಿಗೆ ಬಂದೀರಿ, ಪಂಡಿತ ರಾಮಭಾವು ವಿಜಾಪುರೆ ಮಾಸ್ತರು ಇಲ್ಲೇ ಇದ್ದು ಇಲ್ಲೇ ಕಲಸಿದಾವ್ರು, 2010ರಾಗ ಹೋದ್ರು, ಅವರ ಶಿಷ್ಯರು ಇನ್ನೂ ಅದಾರ, ಹಾರ್ಮೋನಿಯಂ ಸೋಲೋ ಅಂತ ಎಲ್ಲೆರ ಕಂಡ್ರ ಬಿಡಬ್ಯಾಡ್ರಿ.

ಇದೆಲ್ಲಾಕ್ಕಿಂತ ನಾ ಕೈಮುಗದು ಹೇಳೋದು ದೀಪಾವಳಿ ನಸುಕಿನ ಗಾಯನ, ಇಲ್ಲಿ ಮರಾಠಿ ಮಂದಿ ಪಹಾಟ್ ಅಂತಾರ. ಸಂಜಿ ಕಾರ್ಯಕ್ರಮದಾಗ ಯಮನ್, ಪೂರಿಯಾ, ಬಾಗೇಶ್ರೀ ಕೇಳತೀರಿ ಖರೆ, ಲಲತ್, ಭೈರವ್‌ದಂಥಾ ನಸುಕಿನ ರಾಗ ಎದುರಿಗೆ ಕುಂತ ಕೇಳೋದು ಯಾವಾಗ? ಒಂದ ವರ್ಷ ತಂಬೂರಿ ಶ್ರುತಿ ಮಾಡೋವಾಗ ಹೊರಗ ಪೂರಾ ಕತ್ತಲಿ ಇತ್ತು, ಲಲತ್‌ದ ವಿಲಂಬಿತ, ಅಂದ್ರ ನಿಧಾನದ ಹಾಡಿಕಿ, ಮುಗಿಯೂದ್ರಾಗ ಎದುರಿನ ಗ್ವಾಡಿ ಮ್ಯಾಲ ಒಂದ ಗೇಣ ಬಿಸಲ ಬಿದ್ದಿತ್ತು, ಹಾಡಾವ್ರು ಕಣ್ಣ ತಗದು ಆ ಬಿಸಲ ನೋಡಿ ಮತ್ತ ಕಣ್ಣ ಮುಚ್ಚಿ ಆ ರಾಗದ ಎರಡೂ ಮಧ್ಯಮ ಸ್ವರ ಹಚ್ಚಿದ್ರು ನೋಡ್ರಿ, ನಮ್ಮವ್ವ ನನ್ನ ಕೈ ಹಿಡಕೊಂಡಾಕಿ ಬಿಡಲೇ ಇಲ್ಲ.

ಮಂಡಿ ನೋವಿನ ವಿಷಯ. ಆಮಂತ್ರಣದಾಗ ಭಾರತೀಯ ಬೈಠಕ್ ಅಂತ ಇದ್ರ ಕೆಳಗ ಗಾದಿ ಮ್ಯಾಲ ಕುಂದ್ರೋದು, ಹಿಂದ ಗ್ವಾಡಿಗೆ ಹತ್ತಿ ಐದಾರ ಖುರ್ಚಿ ಅಷ್ಟ ಹಾಕಿರತಾರ, ಅರ್ಧಾ ತಾಸ ಮೊದಲ ಹೋದ್ರ ಸಿಗತಾವ. ಹಾಲ್ ನೆಲದ ಮ್ಯಾಲ ಐತೋ ಮಾಳಿಗಿ ಮ್ಯಾಲ ಐತೋ ಅಂತ ಫೋನ್ ಮಾಡಿ ಕೇಳ್ರಿ. ಫೋನ್ ನಂಬರ್ ಇಲ್ಲದ ಮೆಸೇಜ್ ನಂಬಿ ಮನಿ ಬಿಟ್ಟ ಹೊಂಡಬ್ಯಾಡ್ರಿ.

ಸದಾಶಿವ ನಗರದಿಂದ:

ನಾಟಕದ ಬಗ್ಗೆ ನಾ ಹೇಳತೇನ್ರಿ, ಹವ್ಯಾಸಿ ತಂಡದಾಗ ಬೆಳಕು ಮಾಡತೇನಿ. ಬೆಳಗಾವ್ಯಾಗ ಕನ್ನಡ ನಾಟಕ ಅಂದ್ರ ಹೆಚ್ಚಾಗಿ ನೆಹರು ನಗರದ ಕುಮಾರ ಗಂಧರ್ವ ರಂಗಮಂದಿರ. ನಾ ಏನ ಮಾಡತೇನಿ ಅಂದ್ರ ತಿಂಗಳ ಮೊದಲ ವಾರ ಆ ಕಡೆ ಹೋದಾಗ ಒಳಗ ಹೋಗಿ ಈ ತಿಂಗಳ ಯಾವ್ಯಾವ ದಿನ ಯಾರ್‍ಯಾರು ಬುಕ್ ಮಾಡ್ಯಾರ್ರಿ ಅಂತ ಕೇಳಿ ಬರತೇನಿ, ಪೋಸ್ಟರ್ ಹಚ್ಚೂಕಿಂತ ಮೊದಲ ಗೊತ್ತಾಗೋ ದಾರಿ ಅದೊಂದ.

ದಸರಾ ಮುಗದ ಮ್ಯಾಲ ನೀನಾಸಂ ತಿರುಗಾಟ, ಸಾಣೇಹಳ್ಳಿ ಶಿವಸಂಚಾರ ಅನ್ನೋ ನಾಟಕ ತಂಡಗೋಳು ರಾಜ್ಯ ತಿರಗಾಕ ಹೊಂಡತಾವ, ತಿರುಗಾಟ 1985ರಿಂದ ನಡದೈತಿ, ಶಿವಸಂಚಾರ 1997ರಿಂದ. ನೀವು ಶಿವಮೊಗ್ಗದವ್ರು, ನೀನಾಸಂದ ಊರು ಹೆಗ್ಗೋಡು ನಿಮಗ ನಾ ಹೇಳಬೇಕಾಗಿಲ್ಲ. ಆದ್ರ ಇಲ್ಲಿ ಕುಂತಾವ್ರಿಗೆ ಅವು ಯಾವ ಊರಿಗೆ ಯಾವ ದಿನ ಅನ್ನೋದು ಅವರ ಪ್ರವಾಸದ ಪಟ್ಟಿ ಬಂದಾಗ ಗೊತ್ತಾಗತೈತಿ, ಅದನ್ನ ಇಟ್ಟಕೊಳ್ರಿ. ಬೆಳಗಾವಿ ಪಟ್ಟಿಯೊಳಗ ಇಲ್ಲಂದ್ರ ಬೈಲಹೊಂಗಲ, ಗೋಕಾಕ, ಧಾರವಾಡ ನೋಡ್ರಿ. ಧಾರವಾಡ ಎರಡ ತಾಸಿನ ಹಾದಿ, ಅಲ್ಲಿ ರಂಗಾಯಣ ಐತಿ, ವಿದ್ಯಾವರ್ಧಕ ಸಂಘ ಐತಿ, ಒಂದ ವಾರದಾಗ ಏನರೇ ಒಂದು ಇದ್ದ ಇರತೈತಿ. ಹೋಗೂದು ಸಲೀಸು, ತಿರಗಿ ಬರೂದ ತ್ರಾಸು, ರಾತ್ರಿ ಬಸ್ಸಿನ ಟೈಮ್ ಮೊದಲ ಕೇಳಿಟ್ಟಕೊಂಡ ಹೋಗ್ರಿ. ಮಾರ್ಚ್ 27 ವಿಶ್ವ ರಂಗಭೂಮಿ ದಿನ, ಆ ವಾರ ಖಾಲಿ ಇಟ್ಟಕೊಳ್ರಿ.

ಇನ್ನೊಂದು, ಆಮಂತ್ರಣದಾಗ ಸಂಜಿ 5:30 ಅಂತ ಇದ್ರ ಅದು ಸಭಾ ಕಾರ್ಯಕ್ರಮದ ಟೈಮು. ಉದ್ಘಾಟನೆ, ಅತಿಥಿಗಳ ಮಾತು, ಸನ್ಮಾನ ಎಲ್ಲಾ ಮುಗದು ಪರದೆ ಸರಿಯೂದ್ರಾಗ 7 ಆಗತೈತಿ. ಮಂಡಿ ನೋವಿದ್ದಾವ್ರು ಒಂದೂವರಿ ತಾಸ ಸುಮ್ಮ ಕುಂದ್ರೋದು ಬ್ಯಾಡ, ನಾಟಕದ್ದ ಟೈಮ್ ಯಾವುದು ಅಂತ ಬ್ಯಾರೆ ಕೇಳ್ರಿ, ತಂಡದಾವ್ರು ಖರೇನ ಹೇಳತಾರ.

ಮೂಡಲಗಿ ಕಡೆಯಿಂದ:

ಎಲ್ಲಾರೂ ಹಾಲಿನ ಮಾತ ಆಡಾಕತ್ತೀರಿ, ಪಾರಿಜಾತದ ಹೆಸರ ಯಾರೂ ತಗೀಲಿಲ್ಲಲಾ ಅಂತ ಬರಿಯಾಕತ್ತೇನಿ. ಶ್ರೀಕೃಷ್ಣ ಪಾರಿಜಾತ ಅನ್ನೋ ಬಯಲಾಟ ನಮ್ಮ ಜಿಲ್ಲಾದ ಆಸ್ತಿ ರೀ. ಅದನ್ನ ಆಟ ಮಾಡಿ ಊರೂರಿಗೆ ಒಯ್ದಾವ್ರು ಇಲ್ಲೇ ಕುಲಗೋಡದ ತಮ್ಮಣ್ಣ, ಹೆಣ್ಮಕ್ಕಳು ರಂಗ ಹತ್ತಾಕ ಅಂಜತಿದ್ದ ಕಾಲಕ್ಕ ಅದನ್ನ ಹಾಡಿ ಹೆಸರಾದಾಕಿ ಕೌಜಲಗಿ ನಿಂಗಮ್ಮ. ಕಥಿ ಅಂದ್ರ ಇಷ್ಟ, ನಾರದ ತಂದ ಒಂದ ಪಾರಿಜಾತದ ಹೂವನ್ನ ಕೃಷ್ಣ ರುಕ್ಮಿಣಿಗೆ ಕೊಡತಾನ, ಸತ್ಯಭಾಮಾಗ ಸಿಟ್ಟ ಬರತೈತಿ. ಒಂದ ಹೂವಿನ ಸಿಟ್ಟ ರಾತ್ರಿ ಹತ್ತರಿಂದ ಬೆಳ್ಳನ ಬೆಳಗಾಗೂತನಕ ನಡೀತೈತಿ ಅಂದ್ರ ಅದರಾಗ ಹಾಡು ಎಷ್ಟಿರಬೇಕ ನೀವ ತಿಳಕೊಳ್ರಿ.

ಹೋದ ವರ್ಷ ನಮ್ಮ ಪಕ್ಕದ ಊರ ಜಾತ್ರ್ಯಾಗ ನೋಡಿದೆ. ರಂಗ ಅಂದ್ರ ನಾಕ ಮಂಚ ಕೂಡಿಸಿದ್ದು, ಮ್ಯಾಲ ತಾಡಪತ್ರಿ, ಒಂದ ಕಡೆ ಪೇಟಿ (ಹಾರ್ಮೋನಿಯಂ), ತಬಲಾ, ತಾಳ. ನನ್ನ ಬಾಜೂಕ ಎಂಬತ್ತ ದಾಟಿದ ಅಜ್ಜಾರೊಬ್ರು ಕುಂತಿದ್ರು, ಭಾಗವತ ಬಾಯಿ ತಗಿಯೂಕಿಂತ ಅರ್ಧಾ ಉಸರ ಮೊದಲ ಅವರ ತುಟಿ ಅಲಗ್ಯಾಡತಿದ್ವು, ಒಂದ ಅಕ್ಷರ ತಪ್ಪಲಿಲ್ಲ. ಸತ್ಯಭಾಮಾ ಮಾರಿ ತಿರುವಿ ಕುಂತಾಗ ಹೆಣ್ಮಕ್ಕಳ ಕಡೆಯಿಂದ ಒಬ್ಬಾಕಿ, ಬಿಡಬ್ಯಾಡ ಯವ್ವಾ ಅವನ್ನ, ಅಂತ ಒದರಿದ್ಲು. ಪಾತ್ರ ಮಾಡಾಕಿ ಆ ಕಡೆ ತಿರಗಿ ಒಂದ ಸಲ ತಲಿ ಹಾಕಿ ಮತ್ತ ಹಾಡಿಗೆ ಬಂದ್ಲು. ಮೂರೂವರಿ ಆಗಿತ್ತು, ಒಬ್ರೂ ಎದ್ದಿರಲಿಲ್ಲ.

ಇದರ ಸುದ್ದಿ ಯಾ ಗ್ರೂಪಿನಾಗೂ ಬರಂಗಿಲ್ಲ. ಸುಗ್ಗಿ ಮುಗದ ಮ್ಯಾಲ ದವನದ ಹುಣ್ಣಿಮಿ (ಚೈತ್ರ), ಆಗಿ ಹುಣ್ಣಿಮಿ (ವೈಶಾಖ) ಸುತ್ತಮುತ್ತ ಊರ ಜಾತ್ರೆಗೋಳು ಇರತಾವ, ಹ್ಯಾಂಡ್‌ಬಿಲ್ ಬಸ್‌ಸ್ಟ್ಯಾಂಡಿನ ಕಂಬಕ್ಕ, ಹಿಟ್ಟಿನ ಗಿರಣಿ ಗ್ವಾಡಿಗೆ ಹಚ್ಚಿರತಾರ. ನಿಮ್ಮ ಆಫೀಸಿನಾಗ ಗೋಕಾಕ, ರಾಯಬಾಗ ಕಡೆಯಾವ್ರು ಯಾರರೇ ಇದ್ದ ಇರತಾರ, ಅವ್ರಿಗೆ ಹೇಳಿಡ್ರಿ, ಫೋಟೋ ಹೊಡದ ಕಳಸತಾರ. ಬಾಗಲಕೋಟ್ಯಾಗ ಬಯಲಾಟ ಅಕಾಡೆಮಿ ಐತಿ, ಸಣ್ಣಾಟ, ದೊಡ್ಡಾಟ, ಪಾರಿಜಾತದ ಮೇಳದಾವ್ರು ಯಾವ ಊರಾಗ ಅದಾರ ಅಂತ ಅಲ್ಲಿ ಕೇಳಬಹುದು. ಬರೋವಾಗ ಒಂದ ಕೌದಿ ತರ್ರಿ, ಬ್ಯಾಸಗಿ ಇದ್ರೂ ಬೆಳಗಿನ ಜಾವ ಥಂಡಿ ಹತ್ತತೈತಿ. ಅತ್ತಿಯವ್ರಿಗೆ ಖುರ್ಚಿ ನಾವು ತಂದ ಹಾಕತೇವಿ, ಅದರ ಚಿಂತಿ ಬ್ಯಾಡ.

ಬೈಲಹೊಂಗಲದಿಂದ:

ಕಿತ್ತೂರ ಉತ್ಸವ ಬರಕೊಳ್ರಿ ಅಕ್ಕಾರ, ಅಕ್ಟೋಬರ್ 23, 24, 25. ಚನ್ನಮ್ಮ ಇಂಗ್ಲಿಷರ ಥ್ಯಾಕರೇನ ದಂಡ ಮುರದದ್ದು 1824ರ ಅಕ್ಟೋಬರ್ 23ಕ್ಕ, ಅದಕ್ಕ ತಾರೀಖ ಬದಲಾಗಂಗಿಲ್ಲ. ಜನವರಿ 12, 13ಕ್ಕ ಸಂಗೊಳ್ಳಿಯೊಳಗ ರಾಯಣ್ಣನ ಉತ್ಸವ. ರಾತ್ರಿ ಹೆಸರಾದ ಸಿನಿಮಾ ಗಾಯಕರು ಬರೋ ಹೊತ್ತಿಗೆ ವಿಪರೀತ ಗದ್ದಲ, ವಯಸ್ಸಾದಾವ್ರನ್ನ ಆವಾಗ ಕರಕೊಂಡ ಬರಬ್ಯಾಡ್ರಿ. ಹೊತ್ತಿದ್ದಾಗ ಬಂದು ನಮ್ಮ ಕಡೆ ಕಲಾವಿದರ ಡೊಳ್ಳು, ಕರಡಿಮಜಲು, ಸಣ್ಣಾಟ ನೋಡ್ರಿ, ಕುಂದ್ರಾಕ ಜಾಗಾನೂ ಸಿಗತೈತಿ. ಸವದತ್ತಿ ಎಲ್ಲಮ್ಮನ ಗುಡ್ಡದ ಚೌಡಕಿ ಪದಾ ಕೇಳಬೇಕಂದ್ರ ಬನದ ಹುಣ್ಣಿಮಿ (ಪುಷ್ಯ), ಭಾರತ ಹುಣ್ಣಿಮಿ (ಮಾಘ).

ಬಾಗಲಕೋಟೆಯಿಂದ:

ಬನದ ಹುಣ್ಣಿಮಿ ಅಂದ್ರೆಲಾ, ಆ ಹೊತ್ತಿಗೆ ನಮ್ಮ ಕಡೆ ಬರ್ರಿ. ಬಾದಾಮಿ ಬನಶಂಕರಿ ಜಾತ್ರಿ ತೇರು ಅವತ್ತ ಎಳೀತಾರ, ಜಾತ್ರಿ ಮಾತ್ರ ಒಂದ ತಿಂಗಳ ನಡೀತೈತಿ, ವೃತ್ತಿ ನಾಟಕ ಕಂಪನಿಗೋಳು ರಸ್ತೆದ ಬಾಜೂಕ ಸಾಲಾಗಿ ತಗಡಿನ ಥಿಯೇಟರ್ ಹಾಕಿರತಾವ, ದಿನಾ ಎರಡೆರಡ ಆಟ. ಕಂಪನಿಯಾವ್ರ ವರ್ಷದ ಗಳಿಕಿ ನಿಂತಿರೋದ ಈ ಜಾತ್ರಿ ಮ್ಯಾಲ. ಇವತ್ತಿನ ದಿನ ಕಂಪನಿ ನಾಟಕ ಒಂದ ಜಾಗಾದಾಗ ಇಷ್ಟ ನೋಡಾಕ ಸಿಗೋದು ಮತ್ತ ಎಲ್ಲಿ ಐತಿ ಹೇಳ್ರಿ. ನಿಮ್ಮ ಬೆಳಗಾವಿ ಜಿಲ್ಲಾದ ಏಣಗಿ ಬಾಳಪ್ಪನವ್ರು ಇದ ವೃತ್ತಿ ರಂಗಭೂಮಿಯಿಂದ ಬಂದಾವ್ರು, 1914ರಾಗ ಹುಟ್ಟಿ 2017ರಾಗ ತೀರಿಕೊಂಡ್ರು, ನೂರ ದಾಟಿದ ಜೀವ, ನಮ್ಮಜ್ಜಿ ಅವರ ಬಸವಣ್ಣನ ಪಾತ್ರ ನೋಡಿ ಮನಿಗೆ ಬಂದು ಪೂಜಾ ಮಾಡಿದ್ದ ಹೇಳತಿದ್ಲು.

ಒಂದ ಮಾತ ಬಿಚ್ಚಿ ಹೇಳತೇನಿ, ಎಲ್ಲಾ ಆಟ ಮನಿ ಮಂದಿ ಕೂಡಿ ನೋಡೂವಂಗ ಇರಂಗಿಲ್ಲ, ಎರಡ ಅರ್ಥದ ಮಾತು ಹೆಚ್ಚಿಗಿ ಇರೋವು ಅದಾವ. ಟಿಕೆಟ್ ಕಿಡಕ್ಯಾಗ, ಅತ್ತಿ ಜೋಡಿ ಬಂದೇನಿ, ಇವತ್ತಿನ ಆಟ ನಡೀತೈತೇನ್ರಿ ಅಂತ ಕೇಳ್ರಿ, ಮರ್ಯಾದಿಲೆ ಹೇಳತಾರ, ಬ್ಯಾಡ ಅಂದದ್ದೂ ಐತಿ ನನಗ. ಮಧ್ಯಾಹ್ನ ಗುಡಿ ಮುಂದಿನ ಹೊಂಡದ ಕಟ್ಟಿ ಮ್ಯಾಲ ಹಳ್ಳಿ ಹೆಣ್ಮಕ್ಕಳು ಬುಟ್ಟಿ ಇಟ್ಟಕೊಂಡ ಕುಂತಿರತಾರ, ಸಜ್ಜಿ ರೊಟ್ಟಿ, ಮಡಿಕಿಕಾಳ ಪಲ್ಲೆ, ಕೆಂಪ ಚಟ್ನಿ, ಗಡಗಿ ಮೊಸರು, ಅದನ್ನ ಉಂಡು ಸಂಜಿ ಮೊದಲನೇ ಆಟಕ್ಕ ಹೋಗ್ರಿ. ಬೆಳಗಾವಿಗೆ ಅವತ್ತ ತಿರಗಿ ಹೋಗೋದು ಆಗಂಗಿಲ್ಲ, ಬಾದಾಮ್ಯಾಗ ರೂಮ್ ಮೊದಲ ಹೇಳಿಡಬೇಕು.

ಶಹಾಪುರದಿಂದ:

ಸಿನಿಮಾ ಯಾರೂ ಹೇಳಿಲ್ಲ ಅಂತ ಎರಡ ಸಾಲ. ಇಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ಒಂದ ಸ್ಕ್ರೀನ್ ಹಂಚಕೋತಾವ, ಸಣ್ಣ ಕನ್ನಡ ಸಿನಿಮಾ ಬಂದ್ರ ಒಂದ ವಾರ, ಒಂದ ಶೋ, ಅದೂ ಹೊತ್ತಲ್ಲದ ಹೊತ್ತಿನಾಗ. ಗುರುವಾರ ರಾತ್ರಿ ಬುಕಿಂಗ್ ಆ್ಯಪ್ ನೋಡ್ರಿ, ಶುಕ್ರವಾರ ಇಲ್ಲಾ ಶನಿವಾರ ಹೋಗಿ ಬಿಡ್ರಿ, ಮುಂದಿನ ವಾರಕ್ಕ ಅಂತ ಇಟ್ಟಕೊಂಡ್ರ ತಗದಬಿಡತಾರ. ನಾ ಹಿಂಗ ಕಳಕೊಂಡ ಸಿನಿಮಾ ಭಾಳ ಅದಾವ.

ಪ್ರಶ್ನೆ ಕೇಳಿದವರು ಮತ್ತೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟಿಳಕವಾಡಿ ಅಕ್ಕ ಹೇಳಿದ ಹಾಗೆ ಮಾಡಿದೆ, ಹೋದ ಭಾನುವಾರ ಮನೆ ಹತ್ತಿರದ ಒಂದು ಸಂಗೀತ ಶಾಲೆಯಲ್ಲಿ ಮಕ್ಕಳ ಕಾರ್ಯಕ್ರಮ ಇತ್ತು, ಫೋನ್ ಮಾಡಿ ಕೇಳಿದ್ರೆ, ಹಾಲ್ ಕೆಳಗೇ ಐತಿ, ಖುರ್ಚಿ ಹಾಕತೇವಿ, ಕರಕೊಂಡ ಬರ್ರಿ ಅಂದ್ರು. ಹನ್ನೆರಡು ವರ್ಷದ ಒಂದು ಹುಡುಗಿ ಭೂಪ್ ರಾಗ ಹಾಡಿದಳು, ಮಧ್ಯೆ ಒಂದು ತಾನ್ ತಪ್ಪಿ ನಿಂತು ಗುರುಗಳ ಮುಖ ನೋಡಿದಳು, ಅವರು ಪೇಟಿಯಲ್ಲಿ ಅದೇ ಸ್ವರ ಮೆಲ್ಲಗೆ ಹಿಡಿದು ಕೊಟ್ರು, ಅಲ್ಲಿಂದ ಮತ್ತೆ ಶುರು ಮಾಡಿ ಪೂರ್ತಿ ಮುಗಿಸಿದಳು. ಅತ್ತೆ ಆಮೇಲೆ ಅವಳನ್ನ ಕರೆದು ತಲೆ ಸವರಿ ಮಾತಾಡಿಸಿದ್ರು. ವಂದನಾರ್ಪಣೆ ಆಗೋವರೆಗೂ ಕೂತಿದ್ವಿ, ನೋಟ್‌ಬುಕ್‌ನಲ್ಲಿ ಅತ್ತೆ ತಮ್ಮ ಹೆಸರು ತಾವೇ ಬರೆದ್ರು, ನಂಬರ್ ಮಾತ್ರ ನನ್ನದು. ಮೂಡಲಗಿ ಸರ್, ಆಗಿ ಹುಣ್ಣಿಮೆ ಹೊತ್ತಿಗೆ ಪಾರಿಜಾತ ಎಲ್ಲಿ ಇದೆ ಅಂತ ದಯವಿಟ್ಟು ತಿಳಿಸಿ. ಕೌದಿ ಎರಡಿವೆ, ಅತ್ತೆ ಆಗಲೇ ಬಿಸಿಲಿಗೆ ಹಾಕಿದ್ದಾರೆ.