ಕೂಸಿನ ಮೂಳೆ ಮುರಿದೈತಿ, ಕಾರಣ ಗೊತ್ತಿಲ್ಲ: ಮಕ್ಕಳ ಕಲ್ಯಾಣ ಸಮಿತಿ ಏನ್ ಮಾಡ್ತದ?

ಪ್ರಶ್ನೆ (ರಾಯಚೂರು): 5 ತಿಂಗಳ ಕೂಸಿನ ತೊಡೆ ಮೂಳೆ ಮುರಿದದ್ದು ಎಕ್ಸ್‌ರೇಯಲ್ಲಿ ಕಂಡೈತಿ. ಬಿದ್ದಿಲ್ಲ ಅಂತಾರ ತಂದೆ-ತಾಯಿ. ಆಸ್ಪತ್ರೆಯವರು ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸ್ಯಾರ. ಕೂಸನ್ನ ಕಸಕೊಂಡುಬಿಡ್ತಾರೇನ್ರಿ?

ಉತ್ತರ 1: ಕರೆ ಹೋದ ಮಾತ್ರಕ್ಕೆ ಕಸಿಯಂಗಿಲ್ಲ. ರಕ್ಷಣೆಗೆ ತಗೊಂಡರೆ ಪ್ರಯಾಣದ ಹೊತ್ತು ಬಿಟ್ಟು 24 ತಾಸಿನೊಳಗೆ ಮಕ್ಕಳ ಕಲ್ಯಾಣ ಸಮಿತಿ (ಕೂಸಿನ ರಕ್ಷಣೆ ಬಗ್ಗೆ ನಿರ್ಧರಿಸೋ ಜಿಲ್ಲಾ ಸಮಿತಿ) ಮುಂದೆ ತರಲೇಬೇಕು. ಮನೆ ಪರಿಸ್ಥಿತಿ ವಿಚಾರಿಸಿ ಬರೆಯೋ ಸಾಮಾಜಿಕ ತನಿಖಾ ವರದಿಗೆ 15 ದಿನ. ಹೇಳಿಕೆಯಲ್ಲಿ ಊಹೆ ಬ್ಯಾಡ್ರಿ. ಇವತ್ತು "ತೊಟ್ಟಿಲಿಂದ ಬಿತ್ತೇನೋ", ನಾಳೆ "ಅಣ್ಣ ಎಳೆದಿರಬೇಕು" ಅಂದರೆ ಮಾತು ಬದಲಾದದ್ದೇ ಅನುಮಾನ ಹೆಚ್ಚಿಸ್ತದ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಲೇ ಬರೆಸ್ರಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ತಾಯಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗ್ತಾರ.

ಉತ್ತರ 2: ಕೂಸಿನ ಮೂಳೆನೇ ದುರ್ಬಲ ಐತೇನು ಅಂತ ತಿಳಿಯಾಕ ರಕ್ತದಲ್ಲಿ ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್ (ಮೂಳೆ ಬೆಳವಣಿಗೆ ತೋರಿಸೋ ಕಿಣ್ವ), ಪಿಟಿಎಚ್ (ಕ್ಯಾಲ್ಸಿಯಂ ನಿಯಂತ್ರಿಸೋ ಹಾರ್ಮೋನು), ವಿಟಮಿನ್ ಡಿ ನೋಡಿಸ್ರಿ. ವಿಟಮಿನ್ ಹನಿ ಶುರುಮಾಡೋ ಮೊದಲೇ ರಕ್ತ ತೆಗೆಸಬೇಕು, ಆಮೇಲೆ ಮಟ್ಟ ಏರಿಬಿಡ್ತದ. ಡಿ ಕಡಿಮೆ ಬಂದರೂ ಅದೊಂದೇ ಉತ್ತರವಲ್ಲ. ರಿಕೆಟ್ಸ್ (ಡಿ ಕೊರತೆಯಿಂದ ಮೂಳೆ ಮೆತ್ತಗಾಗೋ ರೋಗ) ಗುರುತು ಎಕ್ಸ್‌ರೇಯಲ್ಲೂ ಕಾಣಬೇಕು. ಕಣ್ಣಿನ ಬಿಳಿಭಾಗ ನೀಲಿಯಾಗಿದ್ದರೆ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ (ಮೂಳೆ ಸುಲಭವಾಗಿ ಮುರಿಯೋ ಹುಟ್ಟು ರೋಗ) ಬಗ್ಗೆ ಕೇಳ್ರಿ. ಇಡೀ ಮೈ ಎಕ್ಸ್‌ರೇ ಎರಡು ವಾರಕ್ಕೆ ಮತ್ತೆ ಬೇಕಾಗಬಹುದು: ಪಕ್ಕೆಲುಬಿನ ಬಿರುಕು ಕೂಡುವಾಗಲೇ ಚೆನ್ನಾಗಿ ಕಾಣೋದು.

ಉತ್ತರ 3: ಬೆನ್ನು, ಕುಂಡಿ ಮೇಲಿನ ಹುಟ್ಟು ನೀಲಿ ಮಚ್ಚೆಯನ್ನ ಪೆಟ್ಟು ಅಂದುಕೊಳ್ಳೋದುಂಟು. ಪೆಟ್ಟಿನ ಕಲೆ ಹಸಿರು, ಹಳದಿಯಾಗಿ ಅಳಿದುಹೋಗ್ತದ. ಮಚ್ಚೆ ತಿಂಗಳುಗಟ್ಟಲೆ ಹಂಗೇ ಇದ್ದು, ವರ್ಷಗಳಲ್ಲಿ ನಿಧಾನಕ್ಕೆ ಮಾಸ್ತದ. ತಾಯಿ ಕಾರ್ಡ್ ಜೊತೆ ಹುಟ್ಟಿದಾಗಿನ ಫೋಟೊನೂ ತಗೊಂಡು ಹೋಗ್ರಿ.