‘ಬ್ರೇಕ್ ಆಫ್ ಗೇಜ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ದಕ್ಷಿಣ ಆಸ್ಟ್ರೇಲಿಯಾದ ಟೆರೋವಿ ಎಂಬ ಊರಿನ, ಈಗ ಮುಚ್ಚಿಹೋಗಿರುವ ರೈಲು ನಿಲ್ದಾಣದ ಬಗ್ಗೆ ಕನ್ನಡದಲ್ಲಿ ಬರೆಯುತ್ತಿರುವಾಗ ಒಂದು ಪದ ನನ್ನನ್ನು ತಡೆದು ನಿಲ್ಲಿಸಿದೆ: ‘ಬ್ರೇಕ್ ಆಫ್ ಗೇಜ್’, ಅಂದರೆ ಒಂದು ಅಗಲದ (ಗೇಜಿನ) ಹಳಿ ಮುಗಿದು ಬೇರೆ ಅಗಲದ ಹಳಿ ಶುರುವಾಗುವ ಜಾಗ. ಬಲ್ಲವರು ದಾರಿ ತೋರಬೇಕೆಂದು ಕೋರುತ್ತೇನೆ.

ಅಡಿಲೇಡ್ ಕಡೆಯಿಂದ ಬರ್ರಾ ಮೂಲಕ ಬಂದ 5 ಅಡಿ 3 ಅಂಗುಲ ಅಗಲದ ಹಳಿ 1880ರಲ್ಲಿ ಟೆರೋವಿಯನ್ನು ಮುಟ್ಟಿತು. ಮರುವರ್ಷ ಅಲ್ಲಿಂದ ಉತ್ತರಕ್ಕೆ, ಇಂದಿನ ಪೀಟರ್‌ಬರೋ ಊರಿಗೆ ಹಾಕಿದ ಹಳಿಯ ಅಗಲ 3 ಅಡಿ 6 ಅಂಗುಲ ಮಾತ್ರ. ವ್ಯತ್ಯಾಸ ಒಂದು ಮೊಳದ ಮೇಲೆ ಮೂರು ಅಂಗುಲ. ಅಷ್ಟಕ್ಕಾಗಿ ಸುಮಾರು ತೊಂಬತ್ತು ವರ್ಷ ಅಲ್ಲಿ ಪ್ರಯಾಣಿಕರು ಇಳಿದು ಇನ್ನೊಂದು ಗಾಡಿ ಹತ್ತಬೇಕಾಯಿತು. ಮೂಟೆ, ಪೆಟ್ಟಿಗೆಗಳನ್ನೆಲ್ಲ ಒಂದು ವ್ಯಾಗನ್ನಿನಿಂದ ಇಳಿಸಿ ಮತ್ತೊಂದಕ್ಕೆ ತುಂಬಬೇಕಾಯಿತು. ಆ ಊರು ಬದುಕಿದ್ದೇ ಈ ಇಳಿಸಿ ಏರಿಸುವ ಕೆಲಸದಿಂದ.

ಇದನ್ನು ‘ಜಂಕ್ಷನ್’ ಎಂದುಬಿಡುವುದು ಸುಲಭ. ಆದರೆ ನಾಲ್ಕು ದಿಕ್ಕಿನ ದಾರಿಗಳು ಕೂಡುತ್ತಿದ್ದ ಪೀಟರ್‌ಬರೋಗೆ ಒಪ್ಪುವ ಆ ಮಾತು ಟೆರೋವಿಗೆ ಒಪ್ಪುವುದಿಲ್ಲ. ಇಲ್ಲಿ ಹಳಿಗಳು ಎದುರುಬದುರಾಗಿ ಬಂದು ನಿಲ್ಲುತ್ತಿದ್ದವೇ ಹೊರತು ಕೂಡುತ್ತಿರಲಿಲ್ಲ. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ಅದು ಸಂಧಿಯಲ್ಲ, ಪ್ರಕೃತಿಭಾವ. 1942ರ ಮಾರ್ಚ್ 20ರಂದು ಆಲಿಸ್ ಸ್ಪ್ರಿಂಗ್ಸ್ ಕಡೆಯಿಂದ ಕಿರಿದಾದ ಹಳಿಯ ಗಾಡಿಯಲ್ಲಿ ಬಂದ, ಎರಡನೆಯ ಮಹಾಯುದ್ಧದ ಅಮೆರಿಕನ್ ಸೇನಾನಿ ಜನರಲ್ ಮ್ಯಾಕ್‌ಆರ್ಥರ್, ಫಿಲಿಪ್ಪೀನ್ಸ್‌ಗೆ ಮರಳಿಯೇ ತೀರುತ್ತೇನೆಂಬ ಪ್ರಸಿದ್ಧ ಮಾತನ್ನು ಆಡಿದ್ದು ಇಲ್ಲಿಯೇ. ಅವರು ಈ ಸಣ್ಣ ಊರಿನಲ್ಲಿ ಇಳಿದದ್ದೇಕೆ ಎಂಬುದು ‘ಜಂಕ್ಷನ್’ ಎಂದು ಬರೆದರೆ ಓದುಗರಿಗೆ ಹೊಳೆಯುವುದಿಲ್ಲ.

ಪದಕ್ಕೆ ಪದವಿಟ್ಟು ‘ಗೇಜ್ ಮುರಿತ’ ಎಂದರೆ ಹಳಿ ಮುರಿದು ಅಪಘಾತವಾದಂತೆ ಕೇಳಿಸುತ್ತದೆ. ‘ಗೇಜ್ ಪರಿವರ್ತನೆ’ ಎಂಬುದು ನಮ್ಮಲ್ಲಿ ಚೆನ್ನಾಗಿ ಬಳಕೆಯಲ್ಲಿರುವ ಮಾತು. ಬೆಂಗಳೂರು–ಮೈಸೂರು ಮಾರ್ಗವನ್ನು ಮೀಟರ್ ಗೇಜ್‌ನಿಂದ ಬ್ರಾಡ್ ಗೇಜ್‌ಗೆ ತಂದ ಕಾಲದಿಂದ ಪತ್ರಿಕೆ ಓದುವವರೆಲ್ಲರಿಗೂ ಗೊತ್ತು. ಆದರೆ ಅದು ಹಳಿ ಕಿತ್ತು ಬೇರೆ ಅಗಲಕ್ಕೆ ಹಾಕುವ ಕಾಮಗಾರಿಯ ಹೆಸರೇ ಹೊರತು ಎರಡು ಅಗಲಗಳು ಎದುರಾಗುವ ಜಾಗದ ಹೆಸರಲ್ಲ. ನನ್ನ ಬರಹದಲ್ಲಂತೂ ಇವೆರಡೂ ಒಂದೇ ವಾಕ್ಯದಲ್ಲಿ ಬರಲೇಬೇಕು. ಏಕೆಂದರೆ 1970ರಲ್ಲಿ ಪೀಟರ್‌ಬರೋವರೆಗಿನ ಹಳಿಯನ್ನು ಅಗಲಗೊಳಿಸಿದಾಗ, ಅಂದರೆ ಗೇಜ್ ಪರಿವರ್ತನೆಯಾದಾಗ, ಟೆರೋವಿಯಲ್ಲಿ ಇಳಿದು ಹತ್ತುವ ಅಗತ್ಯವೇ ಇಲ್ಲವಾಯಿತು, ಊರಿನ ಕೆಲಸವೂ ಹೋಯಿತು. ಮುಂದೆ ಆ ಮಾರ್ಗವೇ ಮುಚ್ಚಿ, ಹಳಿಗಳನ್ನೂ ಕಿತ್ತರು.

ಸದ್ಯಕ್ಕೆ ನನ್ನ ಒಲವು ‘ಗೇಜ್ ಗಡಿ’ ಎಂಬುದರ ಕಡೆಗಿದೆ. ಚಿಕ್ಕದು, ಬಾಯಿಗೆ ಒಗ್ಗುತ್ತದೆ, ದಾಟಲು ಇಳಿಯಲೇಬೇಕೆಂಬ ಅರ್ಥವೂ ಅದರಲ್ಲಿದೆ. ಒಂದು ಆಕ್ಷೇಪವನ್ನು ನಾನೇ ಮುಂದಿಡುತ್ತೇನೆ. ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾಗಳ ಅಂಚಿನಲ್ಲಿರುವ ಆಲ್ಬರಿಯಲ್ಲಿ ಹಳಿಯ ಅಗಲ ಬದಲಾಗುತ್ತಿದ್ದುದು ನಿಜಕ್ಕೂ ಎರಡು ಆಡಳಿತಗಳ ಗಡಿಯಲ್ಲಿಯೇ. ಟೆರೋವಿಯಲ್ಲಾದರೋ ಎರಡೂ ಹಳಿಗಳನ್ನು ಹಾಕಿಸಿದ್ದು ಒಂದೇ ಸರ್ಕಾರ. ‘ಗಡಿ’ ಎಂದಾಗ ಓದುಗರು ರಾಜ್ಯದ ಎಲ್ಲೆಯನ್ನು ಊಹಿಸಿಕೊಂಡಾರೇ?

ಇನ್ನೊಂದು ದಾರಿ, ಪ್ರಯಾಣಿಕರು ಆಡುವ ‘ಗಾಡಿ ಬದಲಾಯಿಸುವುದು’ ಎಂಬ ಮಾತಿನಿಂದಲೇ ಹೆಸರು ಕಟ್ಟುವುದು. ಆದರೆ ಗಾಡಿಯನ್ನು ಜಂಕ್ಷನ್ನಿನಲ್ಲಿಯೂ ಬದಲಾಯಿಸುತ್ತೇವೆ; ಸರಕಿನ ವಿಷಯ ಅದರಲ್ಲಿ ಬರುವುದೂ ಇಲ್ಲ. ಬೆಂಗಳೂರಿನಲ್ಲಿ ಮದರಾಸಿನ ಬ್ರಾಡ್ ಗೇಜ್ ಮತ್ತು ಮೈಸೂರಿನ ಮೀಟರ್ ಗೇಜ್ ಎರಡೂ ಇದ್ದ ದಿನಗಳಲ್ಲಿ ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಮೂಟೆ ದಾಟಿಸುತ್ತಿದ್ದ ಹಮಾಲರು ಆ ಜಾಗವನ್ನೂ ಆ ಕೆಲಸವನ್ನೂ ಏನೆಂದು ಕರೆಯುತ್ತಿದ್ದರು? ಮನೆಯ ಹಿರಿಯರಿಂದ ಕೇಳಿ ಬಲ್ಲವರಿದ್ದರೆ ಆ ಮಾತನ್ನು ದಯವಿಟ್ಟು ಅವರು ಆಡಿದ ರೂಪದಲ್ಲಿಯೇ ಬರೆದು ತಿಳಿಸಿ.