ಗರ್ಭಿಣಿಯರು ಬಂಗಿಗೆ ಕ್ರೀಮು ಹಚ್ಚಬಹುದೇ?

ಪ್ರಶ್ನೆ (ಪೊನ್ನಂಪೇಟೆಯಿಂದ):
ನನಗೀಗ ಐದು ತಿಂಗಳು. ಎರಡೂ ಕೆನ್ನೆ ಮತ್ತು ಮೇಲ್ದುಟಿಯ ಮೇಲೆ ಕಂದು ಬಣ್ಣದ ಬಂಗು ಹರಡಿದೆ. ತೋಟದಲ್ಲಿ ನೆರಳಿನ ಮರಗಳ ಕೊಂಬೆ ಕಡಿಸಿದ ಮೇಲೆ ಬಿಸಿಲು ನೇರವಾಗಿ ಬೀಳುತ್ತಿರುವುದರಿಂದ, ಕೆಲಸದವರೊಡನೆ ನಿಲ್ಲಬೇಕಾದ ದಿನಗಳಲ್ಲಿ ಅದು ಇನ್ನಷ್ಟು ಕಪ್ಪಾಗುತ್ತದೆ. ಔಷಧಿ ಅಂಗಡಿಯೊಂದರಲ್ಲಿ ವೈದ್ಯರ ಚೀಟಿಯನ್ನೂ ಕೇಳದೆ, ಬಸುರಿಯೇ ಎಂದೂ ವಿಚಾರಿಸದೆ ಒಂದು ಟ್ಯೂಬು ಕೊಟ್ಟರು. ಹತ್ತು ರಾತ್ರಿ ಹಚ್ಚಿದ್ದೇನೆ. ನಿನ್ನೆ ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದಾಗ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಎಂಬ ಹೆಸರುಗಳು ಕಂಡವು. ಮಗುವಿಗೆ ತೊಂದರೆಯಾಗಿರಬಹುದೇ ಎಂಬ ಭಯದಿಂದ ನಿದ್ದೆ ಬರುತ್ತಿಲ್ಲ. ಕಸ್ತೂರಿ ಅರಿಸಿನ ಸಾಕು ಎಂದು ಅತ್ತೆಯವರು ಹೇಳುತ್ತಾರೆ. ಹಾಲುಣಿಸುವಾಗ ಏನು ಹಚ್ಚಬಹುದು ಎಂಬುದನ್ನೂ ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ (ಮಡಿಕೇರಿಯಿಂದ, ನಿವೃತ್ತ ದಾದಿ):
ತಂಗಿ, ಮೊದಲು ಟ್ಯೂಬನ್ನು ಪಕ್ಕಕ್ಕಿಡಿ, ಆದರೆ ಎಸೆಯಬೇಡಿ, ವೈದ್ಯರಿಗೆ ತೋರಿಸಬೇಕಾಗುತ್ತದೆ. ಮೊಡವೆಗೆಂದು ನುಂಗುವ ಐಸೊಟ್ರೆಟಿನಾಯಿನ್ ಮಾತ್ರೆ ಭ್ರೂಣಕ್ಕೆ ಗಂಭೀರ ಹಾನಿ ಮಾಡುತ್ತದೆ ಎಂಬುದು ಖಚಿತ. ಅದೇ ಗುಂಪಿಗೆ ಸೇರಿದ ಟ್ರೆಟಿನಾಯಿನ್ ಮುಲಾಮನ್ನು ಆ ಕಾರಣಕ್ಕೇ ಬೇಡವೆನ್ನುತ್ತೇವೆ. ಹಾಗಿದ್ದರೂ ಚರ್ಮದ ಮೂಲಕ ರಕ್ತಕ್ಕೆ ಸೇರುವ ಅದರ ಪ್ರಮಾಣ ಬಹಳ ಕಡಿಮೆ, ಮತ್ತು ಅರಿಯದೆ ಹಚ್ಚಿಕೊಂಡ ಗರ್ಭಿಣಿಯರ ಮೇಲೆ ನಡೆದ ಅಧ್ಯಯನಗಳಲ್ಲಿ ಮಕ್ಕಳ ಅಂಗವೈಕಲ್ಯ ಹೆಚ್ಚಿದ್ದು ಕಂಡುಬಂದಿಲ್ಲ. ಹೈಡ್ರೋಕ್ವಿನೋನ್ ಮಾತ್ರ ಬೇರೆ: ಹಚ್ಚಿದ್ದರಲ್ಲಿ ಶೇಕಡಾ 35ರಿಂದ 45ರಷ್ಟು ದೇಹಕ್ಕೆ ಸೇರುತ್ತದೆ, ಆದ್ದರಿಂದ ಹೆರಿಗೆಯವರೆಗೆ ಅದನ್ನು ಮುಟ್ಟಬೇಡಿ. ಮೊಮೆಟಾಸೋನ್ ಪ್ರಬಲ ಸ್ಟಿರಾಯ್ಡ್. ಇಂಥ ಮುಲಾಮನ್ನು ಗರ್ಭಾವಧಿಯಲ್ಲಿ ಒಟ್ಟು 300 ಗ್ರಾಂಗಿಂತ ಹೆಚ್ಚು ಬಳಸಿದವರಲ್ಲಿ ಮಗುವಿನ ತೂಕ ಕಡಿಮೆಯಾದದ್ದು ಕಂಡುಬಂದಿದೆ. ನೀವು ಹತ್ತು ರಾತ್ರಿ ಮುಖಕ್ಕೆ ಸವರಿದ್ದು ಕೆಲವೇ ಗ್ರಾಂ. ನಿಲ್ಲಿಸಿದ ಮೇಲೆ ಮುಖ ಉರಿದು ಕೆಂಪಾದರೆ ಗಾಬರಿಗೊಂಡು ಮತ್ತೆ ಅದನ್ನೇ ಹಚ್ಚಬೇಡಿ.

ಉತ್ತರ (ಕುಶಾಲನಗರದಿಂದ, ಔಷಧ ವ್ಯಾಪಾರಿ):
ಸ್ಟಿರಾಯ್ಡ್ ಇರುವ ಇಂಥ ಕ್ರೀಮನ್ನು ಚೀಟಿಯಿಲ್ಲದೆ ಕೊಟ್ಟದ್ದು ತಪ್ಪು, ನಮ್ಮ ವೃತ್ತಿಯವರ ಈ ನಡತೆ ನನಗೆ ನೋವು ತಂದಿದೆ. ಬಂಗು ಬರುವುದು ಗರ್ಭಾವಸ್ಥೆಯ ಹಾರ್ಮೋನುಗಳಿಂದ, ಅದನ್ನು ಗಾಢಗೊಳಿಸುವುದು ಬಿಸಿಲು; ಹಾಗಾಗಿ ಅಗಲ ಅಂಚಿನ ಟೋಪಿ ಮತ್ತು ಸನ್‌ಸ್ಕ್ರೀನ್ ಎಲ್ಲಕ್ಕಿಂತ ಮುಖ್ಯ. ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ, ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ್ದನ್ನು ಆರಿಸಿ, ಹೊರಗಿರುವಾಗ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿಕೊಳ್ಳಿ. ಐರನ್ ಆಕ್ಸೈಡ್ ಬೆರೆತ ಚರ್ಮದ ಬಣ್ಣದ ಸನ್‌ಸ್ಕ್ರೀನ್ ಬಂಗಿಗೆ ಇನ್ನೂ ಉತ್ತಮ, ಏಕೆಂದರೆ ಕಣ್ಣಿಗೆ ಕಾಣುವ ಬೆಳಕನ್ನೂ ಅದು ತಡೆಯುತ್ತದೆ. ಔಷಧಿಯೇ ಬೇಕೆಂದರೆ ಅಜೆಲಾಯಿಕ್ ಆಮ್ಲದ ಬಗ್ಗೆ ವೈದ್ಯರನ್ನು ಕೇಳಿ. ಗರ್ಭಿಣಿಯರಿಗೂ ಹಾಲುಣಿಸುವವರಿಗೂ ಅದನ್ನು ಕೊಡುತ್ತಾರೆ. ನಿಯಾಸಿನಮೈಡ್, ವಿಟಮಿನ್ ಸಿ ಕೂಡ ಆಗಬಹುದು. ಅರಿಸಿನ ಅಪಾಯಕಾರಿಯಲ್ಲ, ಆದರೆ ಕೆಲವರಿಗೆ ತುರಿಕೆ ತರುತ್ತದೆ, ಬಿಸಿಲನ್ನಂತೂ ತಡೆಯದು.

ಉತ್ತರ (ಸೋಮವಾರಪೇಟೆಯಿಂದ, ಬಾಣಂತಿ):
ಹಾಲುಣಿಸುವ ವಿಷಯಕ್ಕೆ ಬರುತ್ತೇನೆ. ಎದೆಯ ಭಾಗಕ್ಕೆ ಮುಖದ ಕ್ರೀಮು ಯಾವುದನ್ನೂ ಹಚ್ಚಬೇಡಿ, ಏಕೆಂದರೆ ಮಗು ಅದನ್ನು ನೇರವಾಗಿ ಚೀಪುತ್ತದೆ. ನನ್ನ ಮಗಳು ಹಾಲು ಕುಡಿದ ಮೇಲೆ ನನ್ನ ಕೆನ್ನೆಗೆ ಕೆನ್ನೆಯೊತ್ತಿ ಮಲಗುವುದರಿಂದ, ಮುಖಕ್ಕೆ ಹಚ್ಚುವುದನ್ನೂ ನಾನು ಅವಳು ನಿದ್ದೆಹೋದ ಮೇಲೆಯೇ ಹಚ್ಚುತ್ತೇನೆ. ಮೊಲೆತೊಟ್ಟು ಬಿರಿದಾಗ ಶುದ್ಧ ಲ್ಯಾನೊಲಿನ್ ಸಾಕಾಯಿತು. ಹೊರದೇಶದಿಂದ ಬಂಧುಗಳು ತಂದುಕೊಡುವ, ಪದಾರ್ಥಗಳ ಪಟ್ಟಿಯೇ ಇಲ್ಲದ ಬಿಳುಪಿನ ಕ್ರೀಮುಗಳನ್ನು ಬಸುರಿಯೂ ಬಾಣಂತಿಯೂ ದೂರವಿಡಬೇಕು. ಅವುಗಳಲ್ಲಿ ಪಾದರಸವಿದ್ದರೆ ಅದು ಮಾಸುವನ್ನೂ ದಾಟುತ್ತದೆ, ಎದೆಹಾಲಿಗೂ ಸೇರುತ್ತದೆ. ನೆರೆಯ ಕೇರಳ ರಾಜ್ಯದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಇಂಥ ಕ್ರೀಮು ಬಳಸಿದವರಲ್ಲಿ ಮೂತ್ರಪಿಂಡದ ಕಾಯಿಲೆ ಕಾಣಿಸಿಕೊಂಡಿತ್ತು.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಕೃತಜ್ಞತೆಗಳು. ಇಂದು ಟ್ಯೂಬನ್ನು ಹೆರಿಗೆ ವೈದ್ಯರಿಗೆ ತೋರಿಸಿದೆ. ಅವರೂ ಅದನ್ನು ನಿಲ್ಲಿಸಲು ಹೇಳಿ, ಸ್ಕ್ಯಾನಿಂಗಿನಲ್ಲಿ ಮಗುವಿನ ಬೆಳವಣಿಗೆ ಸರಿಯಾಗಿದೆ ಎಂದರು. ಬಂಗು ಹೆರಿಗೆಯಾದ ಕೆಲವು ತಿಂಗಳಲ್ಲಿ ಬಹುಮಟ್ಟಿಗೆ ತಾನಾಗಿ ತಿಳಿಯಾಗಬಹುದು ಎಂದೂ ತಿಳಿಸಿದರು. ನಾಳೆಯಿಂದ ತೋಟಕ್ಕೆ ಹೋಗುವಾಗ ಯಜಮಾನರ ದೊಡ್ಡ ಟೋಪಿಯನ್ನೇ ಹಾಕಿಕೊಳ್ಳುತ್ತೇನೆ.